ಗಿಳಿಗಿಟ್ಟ ಬೀಗರ ಹೆಸರು

ಪಿಳ್ಳಪ್ಪನ ಗಂಟಲಿಗೆ ಊರಿನಲ್ಲಿದ್ದ ಮರ್ಯಾದೆ ಅವನ ಮಿಕ್ಕ ಶರೀರಕ್ಕೆ ಇರಲಿಲ್ಲ. ಆಳು ನೋಡಿದರೆ ಒಣಕಲು, ಗಾಳಿ ಜೋರಾದರೆ ಪಂಚೆಯ ಜೊತೆ ತಾನೂ ಹಾರಿಹೋಗುವವನಂತೆ ಇದ್ದ. ಆದರೆ ದೊಡ್ಡಬೆಳವಂಗಲದ ಕಡೆಯ ಗುಂಡ್ಲಪಾಳ್ಯದಲ್ಲಿ ಯಾರದಾದರೂ ಎಮ್ಮೆ ತಪ್ಪಿಸಿಕೊಂಡರೆ ಜನ ಹುಡುಕಲು ಹೋಗುವ ಬದಲು ಮೊದಲು ಪಿಳ್ಳಪ್ಪನ ಮನೆಗೆ ಹೋಗುತ್ತಿದ್ದರು. ಅವನು ಕೆರೆ ಏರಿಯ ಮೇಲೆ ನಿಂತು ಒಂದು ಕೂಗು ಹಾಕಿದರೆ ಎಮ್ಮೆ ಬಾರದಿದ್ದರೂ ಎಮ್ಮೆ ಕಟ್ಟಿಹಾಕಿಕೊಂಡವನಾದರೂ ಬರುತ್ತಾನೆ ಎಂಬ ನಂಬಿಕೆಯಿತ್ತು. ಪಕ್ಕದೂರಿನ ಮುನಿತಾಯಮ್ಮನನ್ನು ಅವನಿಗೆ ಕೇಳಲು ಹೋದಾಗ, ಹುಡುಗನನ್ನು ಒಮ್ಮೆ ನೋಡುತ್ತೀರಾ ಎಂದಿದ್ದಕ್ಕೆ ಅವಳಪ್ಪ, "ನೋಡೋದೇನೈತೆ, ದಿನಾ ಕೇಳಿಸ್ಕೊತಾ ಇದ್ದೀವಲ್ಲ" ಎಂದು ಎಲೆ ಅಡಿಕೆ ಮುಂದಿಟ್ಟಿದ್ದನಂತೆ.

ಈ ಗಂಟಲು ಹೀಗೆ ಬೆಳೆದದ್ದಕ್ಕೂ ಒಂದು ಕಾರಣವಿದೆ. ಹುಡುಗನಾಗಿದ್ದಾಗ ಅವನಪ್ಪ ಅವನನ್ನು ಜೋಳದ ಹೊಲದ ಅಟ್ಟಣೆಯ ಮೇಲೆ ಕೂರಿಸಿ, ಹಕ್ಕಿ ಹೊಡೆಯಲು ಕೈಗೊಂದು ಕವಣೆ ಕೊಟ್ಟಿದ್ದ. ಮೊದಲ ಕಲ್ಲು ಹಕ್ಕಿಗೆ ಬೀಳದೆ ಪಕ್ಕದ ಹೊಲದಲ್ಲಿ ಬುತ್ತಿ ಬಿಚ್ಚುತ್ತಿದ್ದ ದೊಡ್ಡಮುನಿಯಪ್ಪನ ಮಜ್ಜಿಗೆ ಗಡಿಗೆಗೆ ಬಿತ್ತು. ಎರಡನೆಯದು ಯಾರು ಹೊಡೆದದ್ದು ಎಂದು ನೋಡಲು ಎದ್ದು ನಿಂತ ದೊಡ್ಡಮುನಿಯಪ್ಪನಿಗೇ ಬಿತ್ತು. ಅಂದು ಸಂಜೆ ತಾಯಿ ಕವಣೆಯನ್ನು ಕಿತ್ತು ಒಲೆಗೆ ಹಾಕಿ, "ದೇವ್ರು ಬಾಯಿ ಕೊಟ್ಟವ್ನಲ್ಲ, ಅದರಲ್ಲಿ ಓಡ್ಸು" ಎಂದಳು. ತಾಯಿಯ ಮಾತನ್ನು ಪಿಳ್ಳಪ್ಪ ಆಯುಷ್ಯಪೂರ್ತಿ ಪಾಲಿಸಿದ.

ಗುಡ್ಡದ ಮಗ್ಗುಲಿನ ಇಳಿಜಾರಿನಲ್ಲಿ ಬೆಂಗಳೂರಿನ ಯಜಮಾನರೊಬ್ಬರು ವೈನು ಮಾಡುವ ದ್ರಾಕ್ಷಿ ಹಾಕಿದಾಗ ಅವನಿಗೆ ಕರೆದು ಕೆಲಸ ಕೊಟ್ಟರು. ತೋಟದೊಳಗೇ ಒಂದು ಮನೆಯನ್ನೂ ಕಟ್ಟಿಸಿಕೊಟ್ಟರು. 'ತಂಪು ಹವೆಯ ದ್ರಾಕ್ಷಿ ತೋಟ' ಎಂದು ಗೇಟಿನ ಮೇಲೆ ಬೋರ್ಡು ಬಿತ್ತು. ಅದನ್ನು ಓದಿದ ಊರಿನವರು ಏಪ್ರಿಲ್ ತಿಂಗಳಲ್ಲಿ ಬಂದು ಹೇಳಿ ಸ್ವಾಮಿ ಎಂದು ನಕ್ಕರು. ಆದರೆ ಮಾಗಿಯ ಬೆಳಗುಗಳಲ್ಲಿ ಗುಡ್ಡದಿಂದ ಮಂಜು ಇಳಿದು ಸಾಲುಗಳ ನಡುವೆ ಮಲಗಿದಾಗ, ಕಂಬಳಿ ಹೊದ್ದ ಪಿಳ್ಳಪ್ಪನಿಗೂ ಬೋರ್ಡು ಅಷ್ಟೇನೂ ಸುಳ್ಳು ಹೇಳುತ್ತಿಲ್ಲ ಅನ್ನಿಸುತ್ತಿತ್ತು.

ದ್ರಾಕ್ಷಿ ಬಳ್ಳಿ ಹಟಮಾರಿ ಸೊಸೆಯಿದ್ದ ಹಾಗೆ. ವರ್ಷಕ್ಕೆರಡು ಸಲ ಕತ್ತರಿ ಹಾಕದಿದ್ದರೆ ಮಾತು ಕೇಳುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ಕಟಿಂಗ್, ದಸರಾ ಕಳೆದ ಮೇಲೆ ಇನ್ನೊಮ್ಮೆ. ಕತ್ತರಿಸಿದ ಕಡ್ಡಿಯ ತುದಿಯಲ್ಲಿ ನೀರು ತೊಟ್ಟಿಕ್ಕುತ್ತದೆ, ವಾರ ಹತ್ತು ದಿನಕ್ಕೆ ಚಿಗುರಿನ ಕಣ್ಣು ಒಡೆಯುತ್ತದೆ, ಆಮೇಲೆ ಶುರು ನೋಡಿ ಉಪಚಾರ. ಮಂಜು ಬಿದ್ದರೆ ಬೂಜು ರೋಗ, ಮೋಡ ಮುಚ್ಚಿದರೆ ಬೂದಿ ರೋಗ, ಅದಕ್ಕೆ ಮೈಲುತುತ್ತ, ಇದಕ್ಕೆ ಗಂಧಕ. ಇವೆಲ್ಲ ಮ್ಯಾನೇಜರ್ ಬೈರೇಶನ ಪಾಡು. ಕೊಯ್ಲಿನ ಹೆಂಗಸರ ಮೇಸ್ತ್ರಿಣಿ ಮುನಿತಾಯಮ್ಮ. ಕೊಯ್ಯುವಾಗ ಎಲ್ಲರೂ ಹಾಡುತ್ತಲೇ ಇರಬೇಕು ಎಂಬುದು ಅವಳ ಕಾನೂನು. "ಹಾಡೋ ಬಾಯಿ ತಿನ್ನಲ್ಲ" ಎನ್ನುತ್ತಿದ್ದಳು. ಯಾರದಾದರೂ ಹಾಡು ನಿಂತಿತೋ, ಮುನಿತಾಯಮ್ಮ ಆ ಸಾಲಿಗೆ ಬಂದು ನಿಂತು ಬಾಯಿ ತೆಗೆಸಿ ನಾಲಗೆ ನೋಡುತ್ತಿದ್ದಳು. ಆ ಕಪ್ಪು ದ್ರಾಕ್ಷಿ ಎರಡು ಹಣ್ಣು ತಿಂದರೂ ನಾಲಗೆಯನ್ನು ನೇರಳೆ ಬಣ್ಣಕ್ಕೆ ತಿರುಗಿಸಿಬಿಡುತ್ತಿತ್ತು.

ಸಂಕ್ರಾಂತಿ ಕಳೆದು ಕಾಯಿ ಬಣ್ಣ ತಿರುಗಿದರೆ ಪಿಳ್ಳಪ್ಪನ ಕಾಲ ಬಂತೆಂದು ಅರ್ಥ. ತೋಟದ ನಡುವಿನ ಎತ್ತರದ ಅಟ್ಟಣೆ ಹತ್ತಿ ಕೂತನೆಂದರೆ ಊಟಕ್ಕೆ ಮಾತ್ರ ಇಳಿಯುತ್ತಿದ್ದ. ಬಲೆ ಕಟ್ಟಿದರೂ ಗಿಳಿಗಳು ತೂರಿಕೊಳ್ಳುತ್ತಿದ್ದವು. ಸುಮ್ಮನೆ 'ಹೋಯ್' ಎಂದರೆ ಹಕ್ಕಿಗೆ ನಾಟುವುದಿಲ್ಲ, ಹೆಸರು ಹಿಡಿದು ಬೈದರೆ ಮಾತ್ರ ನಾಟುತ್ತದೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ತನಗಾಗದವರ ಹೆಸರುಗಳನ್ನೆಲ್ಲ ಹಕ್ಕಿಗಳಿಗೆ ಹಂಚಿಬಿಟ್ಟಿದ್ದ. ಕಣ್ಣಿನ ಸುತ್ತ ಹಳದಿ ಕನ್ನಡಕ ಹಾಕಿದಂತಿರುವ ಗೊರವಂಕ, ಹಾಲಿನ ಡೈರಿಯ ಕಾರ್ಯದರ್ಶಿ ಲಕ್ಷ್ಮಯ್ಯ. ಜುಟ್ಟು ಬಿಟ್ಟ ಪಿಕಳಾರ, ಬದು ಒತ್ತಿದ ಜವರಪ್ಪ. ಗಿಳಿ ಹಿಂಡಿನ ಮುಂದಾಳು, ಕೊರಳಿಗೆ ಕೆಂಪು ಪಟ್ಟಿಯಿದ್ದ ದಪ್ಪ ಗಿಳಿಗೆ ಮಾತ್ರ ಬಹಳ ಯೋಚಿಸಿ, ಸದಾ ಕೆಂಪಂಚಿನ ಶಲ್ಯ ಹೊದೆಯುವ ತನ್ನ ಬೀಗ ಆದಿನಾರಾಯಣಪ್ಪನ ಹೆಸರನ್ನಿಟ್ಟಿದ್ದ.

ಬೀಗನ ಮೇಲೇಕೆ ಈ ಸಿಟ್ಟು ಅಂದರೆ, ಬೀಗರ ಊಟದಲ್ಲಾದ ಒಂದು ಮಾತು. ಮಗಳು ಅರ್ಪಿತಳನ್ನು ಹೊಸಕೋಟೆ ಕಡೆಯ ಅನುಗೊಂಡನಹಳ್ಳಿಗೆ, ಆದಿನಾರಾಯಣಪ್ಪನ ಮಗ ಅನಿಲ್‌ಕುಮಾರನಿಗೆ ಕೊಟ್ಟಿದ್ದ. ಮದುವೆಯ ಮೇಲೆ ಬಾಡೂಟ ಹಾಕಿಸಿದಾಗ ಪಿಳ್ಳಪ್ಪನೇ ಸಂತೆಗೆ ಹೋಗಿ, ಮರಿಗಳ ಬೆನ್ನು ಸವರಿ, ಹಲ್ಲು ನೋಡಿ ಆರಿಸಿ ತಂದಿದ್ದ. ಮೊದಲ ಪಂಕ್ತಿಯಲ್ಲಿ ಕೂತ ಆದಿನಾರಾಯಣಪ್ಪ ಎಲೆಯನ್ನು ನೋಡಿ, "ಇದೇನ್ರಪ್ಪಾ, ಬರೀ ಮೂಳೆನೇ ಜಾಸ್ತಿ ಐತಲ್ಲ" ಎಂದುಬಿಟ್ಟ. ಪಂಕ್ತಿಯ ಉದ್ದಕ್ಕೂ ಮಾತು ಹರಿದು ಹೋಯಿತು. ಹಾಗೆಂದವನು ಎಲೆ ಬಿಟ್ಟು ಎದ್ದನೇ? ಇಲ್ಲ. ಒಂದರ ಮೇಲೊಂದು ಮೂರು ಮುದ್ದೆ ಹಾಕಿಸಿಕೊಂಡು ಸಾರಿನಲ್ಲಿ ಅದ್ದಿ ನುಂಗಿದ. ಅಂದಿನಿಂದ ಬೀಗರಿಬ್ಬರೂ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ. ಆದಿನಾರಾಯಣಪ್ಪನೋ, ಬೀಗ ಯಾಕೆ ಮುಖ ತಿರುಗಿಸಿದ ಎಂಬುದೇ ತಿಳಿಯದೆ, ಅವನಿಗಿರುವ ಬಿಗುಮಾನ ನನಗೂ ಬೇಡವೇ ಎಂದು ತಾನೂ ಬಿಗಿದುಕೊಂಡಿದ್ದ.

ಈ ವರ್ಷ ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಪಿಳ್ಳಪ್ಪನ ಗಂಟಲು ಗೊರಗೊರ ಎನ್ನತೊಡಗಿತು. ದೊಡ್ಡಬಳ್ಳಾಪುರದ ಡಾಕ್ಟರು ಒಳಗೆ ಟಾರ್ಚು ಬಿಟ್ಟು ನೋಡಿ, ಗಂಟಲಲ್ಲಿ ಗಂಟು ಬಿದ್ದಿದೆ, ಒಂದು ತಿಂಗಳು ತುಟಿ ಪಿಟಕ್ ಅನ್ನಬಾರದು, ಪಿಸುಮಾತೂ ಬೇಡ, ಹಟ ಮಾಡಿದರೆ ದನಿ ಶಾಶ್ವತವಾಗಿ ಹೋಗುತ್ತದೆ ಎಂದರು. ಪಿಳ್ಳಪ್ಪ ಕೈಮುಗಿದು ಒಂದೇ ಒಂದು ದಿನದ ಮಟ್ಟಿಗೆ ಆ ಮೌನಕ್ಕೆ ರಜಾ ಕೇಳಿಕೊಂಡು ಬಂದ. ಬೈರೇಶ್ ಅವನ ಕೂಗನ್ನು ಮೊಬೈಲಿನಲ್ಲಿ ಹಿಡಿದಿಟ್ಟು ಅಟ್ಟಣೆಯ ಮೇಲೆ ಸ್ಪೀಕರ್ ಕಟ್ಟುವುದು ಎಂದು ತೀರ್ಮಾನವಾಗಿತ್ತು.

ಆದರೆ ಮೊಬೈಲನ್ನು ಮುಖದ ಮುಂದೆ ಹಿಡಿದ ಕೂಡಲೇ ಪಿಳ್ಳಪ್ಪನಿಗೆ ಎಲ್ಲಿಲ್ಲದ ಸಭ್ಯತೆ ಬಂದುಬಿಟ್ಟಿತು. ತಲೆಯ ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಕೆಮ್ಮಿ, "ಹಲೋ, ಆತ್ಮೀಯ ಗಿಳಿ, ಗೊರವಂಕಗಳೇ, ತಾವೆಲ್ಲರೂ ದಯವಿಟ್ಟು ತೋಟ ಬಿಟ್ಟು ಹೋಗಬೇಕಾಗಿ ವಿನಂತಿ" ಎಂದ.

"ಪಿಳ್ಳಣ್ಣ, ಓಟು ಕೇಳ್ತಾ ಇದ್ದೀಯೋ, ಹಕ್ಕಿ ಓಡಿಸ್ತಾ ಇದ್ದೀಯೋ?" ಎಂದು ಬೈರೇಶ್ ತಲೆ ಚಚ್ಚಿಕೊಂಡ. ಕೊನೆಗೆ ಮೊಬೈಲನ್ನು ಅಟ್ಟಣೆಯ ಹುಲ್ಲಿನಲ್ಲಿ ಬಚ್ಚಿಟ್ಟು ಸುಮ್ಮನೆ ಕೆಳಗಿಳಿದು ಹೋದ. ಸ್ವಲ್ಪ ಹೊತ್ತಿಗೆ ಗಿಳಿ ಹಿಂಡು ಬಂತು. ಇನ್ನು ತಿಂಗಳುಗಟ್ಟಲೆ ಬಾಯಿ ತೆರೆಯುವಂತಿಲ್ಲ ಎಂಬ ಸಂಕಟವನ್ನೆಲ್ಲ ಸೇರಿಸಿ ಪಿಳ್ಳಪ್ಪ ಕೂಗಿದ:

"ಲೇ ಆದಿನಾರಾಯಣಪ್ಪಾ! ಕದ್ದು ತಿನ್ನಕ್ಕೆ ನಾಚ್ಕೆ ಆಗಲ್ವೇನೋ ಕೆಂಪು ಕೊರಳೋನೇ! ಯಾರಪ್ಪನ ತೋಟ ಅನ್ಕಂಡಿದ್ದೀಯಾ! ಮೂರು ಮುದ್ದೆ ಮುಕ್ಕಿ ಮೂಳೆ ಜಾಸ್ತಿ ಅಂತೀಯಾ! ಹೋಯ್! ಹೋಯ್! ಹಾರೋ ನಿಮ್ಮ ಅನುಗೊಂಡನಹಳ್ಳಿಗೆ!"

ಮಾರನೆಯ ದಿನದಿಂದ ಪಿಳ್ಳಪ್ಪ ಮೌನಿಯಾದ, ಅವನ ಗಂಟಲು ಮಾತ್ರ ಅಟ್ಟಣೆಯ ಮೇಲಿಂದ ಗಂಟೆಗೆ ನಾಲ್ಕು ಸಲ ಗುಡ್ಡಕ್ಕೆ ಬಡಿದು ಮರಳುತ್ತಿತ್ತು. ಗಿಳಿಗಳು ದಿಕ್ಕೆಟ್ಟು ಓಡಿದವು. ಕೊಯ್ಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಪಿಳ್ಳಪ್ಪ ಕೆಳಗೆ ನೆರಳಲ್ಲಿ ಕೂತು ತನ್ನ ದನಿಯನ್ನು ತಾನೇ ಕೇಳಿ ತಲೆದೂಗುತ್ತಿದ್ದ. ಇಷ್ಟು ದಿನ ಗಿಳಿಗಷ್ಟೇ ಗೊತ್ತಿದ್ದ ನ್ಯಾಯ ಈಗ ಊರಿಗೆಲ್ಲ ಗೊತ್ತಾಯಿತಲ್ಲ ಎಂದು ಅವನಿಗೆ ಒಳಗೊಳಗೇ ತೃಪ್ತಿ.

ಆ ತೃಪ್ತಿಗೆ ಅರ್ಪಿತಳ ಫೋನು ಕಲ್ಲು ಹಾಕಿತು. ಬಸುರಿ ಅವಳಿಗೆ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲ ಬಾಣಂತನ ತವರಿನದು. ಆದರೆ ಆದಿನಾರಾಯಣಪ್ಪ ಔಷಧಿ ಹೊಡೆಯುವ ತೋಟದಲ್ಲಿ ಬಸುರಿ ಹೆಂಗಸು ಇರುವುದೆಂದರೇನು, ಹೊಸಕೋಟೆಯಲ್ಲಿ ಆಸ್ಪತ್ರೆಯಿಲ್ಲವೇ ಎಂದು ಕೊಸರಾಡುತ್ತಿದ್ದ. ಮುನಿತಾಯಮ್ಮ ಆಗಲೇ ಹಳೇ ಸೀರೆ ಹರಿದು ಕೌದಿ ಹೊಲಿದಿದ್ದಳು. ಪಿಳ್ಳಪ್ಪ ತೊಟ್ಟಿಲಿಗೆಂದು ಮನೆಯ ತೊಲೆಗೆ ಕೊಂಡಿ ಹಾಕಿ, ಗಟ್ಟಿಯಿದೆಯೇ ಎಂದು ತಾನೇ ಜೋತು ಬಿದ್ದು ನೋಡಿದ್ದ. ಮಗಳು ಬರದೇ ಹೋದರೆ ಆ ಕೊಂಡಿಯನ್ನು ದಿನಾ ನೋಡಿಕೊಂಡು ಹೇಗಿರುವುದು ಎಂಬುದು ಅವನ ನಿಜವಾದ ದುಃಖ. ಮಿಕ್ಕಿದ್ದೆಲ್ಲ ಬಾಯಿಮಾತು.

"ಅಮ್ಮ, ಮಾವ ಅತ್ತೆ ಭಾನುವಾರ ಬರ್ತಾರಂತೆ. ತೋಟದ ಮನೆ ನೋಡಿ ಸರಿ ಅನ್ನಿಸಿದ್ರೆ ಕಳಿಸ್ತಾರಂತೆ. ಮಧ್ಯಾಹ್ನದ ಊಟಕ್ಕೆ ಬರ್ತಾರೆ. ಅಪ್ಪಂಗೆ ಹೇಳು, ಸ್ವಲ್ಪ ನಗ್ತಾ ಇರ್ಲಿ" ಎಂದಳು ಅರ್ಪಿತ.

ಗಂಡ ಹೆಂಡತಿ ಬೈರೇಶನ ಬಳಿಗೆ ಓಡಿದರು. ಅವನು ಮಾವನ ಮನೆಯ ಗೃಹಪ್ರವೇಶಕ್ಕೆ ಹೊರಟು ನಿಂತಿದ್ದ. "ಯೋಚ್ನೆ ಮಾಡ್ಬೇಡ ತಾಯಮ್ಮಕ್ಕ. ಭಾನುವಾರ ಹತ್ತು ಗಂಟೆಗೆ ತಾನೇ ಆಫ್ ಆಗೋ ಹಂಗೆ ಮಾಡಿದ್ದೀನಿ. ಅವ್ರು ಹೊರಟ ಮೇಲೆ ಫೋನ್ ಮಾಡಿ, ಅಲ್ಲಿಂದ್ಲೇ ಆನ್ ಮಾಡ್ತೀನಿ" ಎಂದು ಸ್ಪೀಕರಿನ ಸ್ವಿಚ್ಚಿದ್ದ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ ಹೊರಟುಹೋದ.

ಆದಿನಾರಾಯಣಪ್ಪ ಊಟಕ್ಕೆ ಕರೆದರೆ ಊಟಕ್ಕೆ ಬರುವ ಆಸಾಮಿಯಲ್ಲ. ಹೇಳಿದ ಹೊತ್ತಿಗೆ ಹೋದರೆ ಯಾರ ಮನೆಯೂ ಚೆನ್ನಾಗೇ ಕಾಣುತ್ತದೆ, ಹೇಳದ ಹೊತ್ತಿಗೆ ಹೋಗಿ ನೋಡಬೇಕು ಎಂಬುದು ಅವನ ಲೆಕ್ಕ. ಭಾನುವಾರ ಮಂಜು ಪೂರ್ತಿ ಕರಗುವ ಮೊದಲೇ ಅವನ ಕಾರು ಗೇಟಿನೊಳಗೆ ಬಂದು ನಿಂತಿತು. ಕೆಂಪಂಚಿನ ಶಲ್ಯ ಮೊದಲು ಇಳಿಯಿತು, ಹಿಂದೆ ಆದಿನಾರಾಯಣಪ್ಪ, ಆಮೇಲೆ ಅವನ ಹೆಂಡತಿ ಅಕ್ಕಯಮ್ಮ.

ಬಚ್ಚಲಿನಿಂದ ಬರುತ್ತಿದ್ದ ಪಿಳ್ಳಪ್ಪ ಅವರನ್ನು ನೋಡಿದ, ಅಟ್ಟಣೆಯನ್ನು ನೋಡಿದ, ಎರಡು ಕೈಯಿಂದಲೂ ಹಣೆ ಚಚ್ಚಿಕೊಂಡ.

"ನಿಮ್ಮನ್ನ ನೋಡಿ ಅವ್ರಿಗೆ ಆನಂದ ತಡಿಯಕ್ಕಾಗ್ತಾ ಇಲ್ಲ" ಎಂದು ಮುನಿತಾಯಮ್ಮ ಅನುವಾದ ಮಾಡಿದಳು. "ಡಾಕ್ಟ್ರು ಮಾತಾಡ್ಬೇಡ ಅಂದವ್ರಲ್ಲ, ಎಲ್ಲಾ ಕೈಯಲ್ಲೇ. ಬನ್ನಿ ಬೀಗ್ರೇ, ಬನ್ನಿ ಅಕ್ಕಯಮ್ಮೋರೇ."

ಸ್ಪೀಕರಿನಿಂದ 'ಕಟಕ್' ಎಂದು ಸದ್ದು ಬಂತು. ಕೂಗುವ ಮೊದಲು ಅದು ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಪಿಳ್ಳಪ್ಪ ಎಗರಿ ಹೋಗಿ ಜಗಲಿಯ ಪಕ್ಕದಲ್ಲಿದ್ದ ಟಿಲ್ಲರಿನ ಹಗ್ಗ ಜಗ್ಗಿದ. ಟಿಲ್ಲರು ಬುಡುಬುಡು ಎಂದು ಅಂಗಳವನ್ನೆಲ್ಲ ಹೊಗೆಯಲ್ಲಿ ಮುಳುಗಿಸಿತು. ಸ್ಪೀಕರು ಹೊಗೆಯ ಆಚೆ ಏನೋ ಕೂಗಿ ಸುಮ್ಮನಾಯಿತು.

"ಹೊಗೆ ಬಾಳ ಐತೆ ಇಲ್ಲಿ" ಎಂದು ಆದಿನಾರಾಯಣಪ್ಪ ಶಲ್ಯದಲ್ಲಿ ಮೂಗು ಮುಚ್ಚಿಕೊಂಡ.

"ದಿನಾ ಇರಲ್ಲ ಬೀಗ್ರೇ. ಸೊಳ್ಳೆ ಇರಬಾರ್ದು ಅಂತ ನಿಮಗೋಸ್ಕರ ಹಾಕಿದ್ದು" ಎಂದಳು ಮುನಿತಾಯಮ್ಮ. ಇಷ್ಟು ವರ್ಷ ಗಂಡನ ಕೂಗಿನ ಸಂದಿಯಲ್ಲಿ ಒಂದು ಮಾತು ತೂರಿಸಲೂ ಜಾಗ ಸಿಗದಿದ್ದವಳಿಗೆ ಈಗ ನಾಲಗೆಗೆ ರೆಕ್ಕೆ ಬಂದಿತ್ತು.

ಕಾಫಿ ಕುಡಿದಾಯಿತು. ಆದಿನಾರಾಯಣಪ್ಪ ಮನೆಯೊಳಗೆ ಹೋಗಿ ಕಿಟಕಿಗೆ ಜಾಲರಿ ಇದೆಯೇ ನೋಡಿದ, ಬಚ್ಚಲಿನ ನೆಲ ಜಾರುತ್ತದೆಯೇ ಎಂದು ಕಾಲಿನಿಂದ ಉಜ್ಜಿದ, ತೊಲೆಯ ಕೊಂಡಿಯನ್ನು ತಲೆಯೆತ್ತಿ ನೋಡಿ ಮುಂದೆ ಹೋದ. ಮತ್ತೆ 'ಕಟಕ್' ಎಂದಿತು. ಪಿಳ್ಳಪ್ಪ ಅಡುಗೆಮನೆಗೆ ನುಗ್ಗಿ ಹಿತ್ತಾಳೆ ತಟ್ಟೆ, ಸೌಟು ಹಿಡಿದು ಬಂದು ಬೀಗನ ಕಿವಿಯ ಬಳಿಯೇ ಢಣಢಣ ಬಡಿಯತೊಡಗಿದ.

"ಇದೇನಿದು?" ಎಂದು ಆದಿನಾರಾಯಣಪ್ಪ ಬೆಚ್ಚಿಬಿದ್ದ.

"ಹರಕೆ" ಎಂದಳು ಮುನಿತಾಯಮ್ಮ. "ಗಂಟ್ಲು ಸರಿಯಾಗೋ ಗಂಟ ಮುನೇಶ್ವರಂಗೆ ಸೇವೆ."

"ಬಾಣಂತಿ ಮಲಗೋ ಮನೇಲಿ ಇಂಥಾ ಸದ್ದಾದ್ರೆ ಹೆಂಗಮ್ಮ? ಕೂಸು ಕಣ್ಣು ಮುಚ್ತದಾ?" ಎಂದ ಆದಿನಾರಾಯಣಪ್ಪ, ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಆ ಹುಬ್ಬಿನ ಅರ್ಥ ಪಿಳ್ಳಪ್ಪನಿಗೆ ಗೊತ್ತಾಯಿತು. ಅನುವಾದ ಬೇಕಾಗಲಿಲ್ಲ.

ಹತ್ತು ಗಂಟೆಗೆ ಇನ್ನೊಂದೇ ಸರದಿ ಬಾಕಿಯಿತ್ತು. ಇದೊಂದನ್ನು ದಾಟಿದರೆ ಗೆದ್ದೆ ಎಂದುಕೊಂಡು ಪಿಳ್ಳಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿ ಅಟ್ಟಣೆಯ ಕಡೆ ಜಾರಿದ. ಹೆಂಗಸರಿಬ್ಬರೂ ಅವರೆಕಾಯಿ ಬಿಡಿಸುತ್ತಾ ಜಗಲಿಯಲ್ಲಿ ಕೂತಿದ್ದರು. ಆದಿನಾರಾಯಣಪ್ಪ ಔಷಧಿಯ ವಾಸನೆ ಎಷ್ಟಿದೆ ನೋಡಿಬರುತ್ತೇನೆ ಎಂದು ಒಬ್ಬನೇ ಸಾಲುಗಳ ನಡುವೆ ಹೊರಟಿದ್ದ. ಆಚೆಯ ತಾಕಿನಲ್ಲಿ ಕೊಯ್ಲಿನ ಹೆಂಗಸರು ಹಾಡಿಕೊಂಡು ಗೊಂಚಲು ಕತ್ತರಿಸುತ್ತಿದ್ದರು.

ವಾಸನೆ ನೋಡಲು ಹೋದವನಿಗೆ ಎದುರಿಗೆ ಕಂಡದ್ದು ಕಪ್ಪಗೆ ತುಂಬಿ ತೂಗುವ ಗೊಂಚಲು, ಮಂಜಿನ ಹನಿ ಹೊತ್ತುಕೊಂಡೇ ಇತ್ತು. ಆದಿನಾರಾಯಣಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಬೀಗರ ಮನೆಯಲ್ಲಿ ಕೇಳಿ ತಿಂದರೆ ಮರ್ಯಾದೆ ಕಡಿಮೆ, ಕೇಳದೆ ತಿಂದರೆ ಯಾರಿಗೆ ಗೊತ್ತಾಗಬೇಕು? ಒಂದು ಹಣ್ಣು ಬಾಯಿಗೆ ಹಾಕಿಕೊಂಡ. ಹುಳಿ ಸಿಹಿ ಎರಡೂ ಸೇರಿ ನಾಲಗೆಯ ಮೇಲೆ ಕುಣಿಯಿತು. ಆಮೇಲೆ ಹಣ್ಣುಹಣ್ಣಾಗಿ ಕೀಳುವ ತಾಳ್ಮೆ ಉಳಿಯಲಿಲ್ಲ, ಗೊಂಚಲಿಗೇ ಬಾಯಿ ಹಾಕಿದ.

ಆಗ ಆಕಾಶದಿಂದ ಅಶರೀರವಾಣಿ ಬಂತು.

"ಲೇ ಆದಿನಾರಾಯಣಪ್ಪಾ! ಕದ್ದು ತಿನ್ನಕ್ಕೆ ನಾಚ್ಕೆ ಆಗಲ್ವೇನೋ ಕೆಂಪು ಕೊರಳೋನೇ!"

ಆದಿನಾರಾಯಣಪ್ಪನ ಕೈಯಿಂದ ಗೊಂಚಲು ಬಿತ್ತು. ತಲೆಯೆತ್ತಿ ನೋಡುತ್ತಾನೆ, ಅಟ್ಟಣೆಯ ಏಣಿಯ ಕೊನೆಯ ಮೆಟ್ಟಿಲಿನಲ್ಲಿ ಪಿಳ್ಳಪ್ಪ ಕಂಬಳಿ ಹರಡಿಕೊಂಡು ನಿಂತು ನೇರ ತನ್ನನ್ನೇ ನೋಡುತ್ತಿದ್ದಾನೆ. ತುಟಿ ಹೊಲಿದಂತೆ ಮುಚ್ಚಿದೆ. ದನಿ ಮಾತ್ರ ಅವನದೇ.

"ಎರಡೇ ಎರಡು ಕಣ್ರೀ ಬೀಗ್ರೇ!" ಎಂದು ಆದಿನಾರಾಯಣಪ್ಪ ಶಲ್ಯದಿಂದ ಬಾಯಿ ಒರೆಸಿಕೊಂಡ. "ಔಷಧಿ ವಾಸ್ನೆ ಐತಾ ಅಂತ ನೋಡಕ್ಕೆ... ಮುನೇಶ್ವರನಾಣೆ ಎರಡೇ!"

"ಯಾರಪ್ಪನ ತೋಟ ಅನ್ಕಂಡಿದ್ದೀಯಾ! ಮೂರು ಮುದ್ದೆ ಮುಕ್ಕಿ ಮೂಳೆ ಜಾಸ್ತಿ ಅಂತೀಯಾ!"

ಪಿಳ್ಳಪ್ಪ ಕಂಬಳಿಯನ್ನು ಸ್ಪೀಕರಿನ ಮೇಲೆ ಎಸೆದ. ಅದು ಸ್ಪೀಕರಿಗೆ ಬೀಳದೆ ಅವನ ತಲೆಯ ಮೇಲೇ ಬಿತ್ತು. ಕಂಬಳಿಯೊಳಗೆ ಪಿಳ್ಳಪ್ಪ ಕತ್ತಲಲ್ಲಿ ನಿಂತಿರುವಾಗಲೇ ಅವನ ದನಿ ಬೀಗನನ್ನು ಅನುಗೊಂಡನಹಳ್ಳಿಗೆ ಹಾರಿಸಿ ಮುಗಿಸಿತು. ಹಾಡು ನಿಂತಿತ್ತು. ಕೊಯ್ಲಿನ ಹೆಂಗಸರೆಲ್ಲ ಕತ್ತರಿ ಹಿಡಿದು ಬಂದು ಸಾಲಿನ ತುದಿಯಲ್ಲಿ ನಿಂತಿದ್ದರು. ಮುನಿತಾಯಮ್ಮ, ಅಕ್ಕಯಮ್ಮ ಅವರೆಕಾಯಿ ಮೊರದ ಸಮೇತ ಓಡಿ ಬಂದರು.

ಮೂಳೆಯ ಮಾತು, ಮುದ್ದೆಯ ಲೆಕ್ಕ, ಊರಿನ ಹೆಸರು ಎಲ್ಲ ಸೇರಿ ಆದಿನಾರಾಯಣಪ್ಪನ ತಲೆಯೊಳಗೆ ದೀಪ ಹತ್ತಿತು. ಇದು ಇವತ್ತಿನ ಕಳ್ಳತನಕ್ಕೆ ಬಿದ್ದ ಬೈಗುಳವಲ್ಲ, ದಿನಾ ಬೀಳುತ್ತಿರುವುದು. ಮುಖ ಕೆಂಪಗಾಯಿತು.

"ನನ್ನ ಹೆಸರಿಟ್ಟು ಮೈಕಲ್ಲಿ ಬೈಸ್ತೀರೇನ್ರೀ? ನಾನು ಆದಿನಾರಾಯಣಪ್ಪ! ನಾಲ್ಕು ಊರಲ್ಲಿ ನ್ಯಾಯ ಹೇಳೋ ಬಾಯಿ ಇದು!" ಎಂದು ಬಾಯಿ ತೆರೆದು ಗುಡುಗಿದ.

ಆ ಬಾಯೊಳಗೆ ನಾಲಗೆ, ಹಲ್ಲು, ವಸಡು ಎಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಹೆಂಗಸರ ಗುಂಪಿನಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು. ಅದು ಇನ್ನೊಬ್ಬಳಿಗೆ ಅಂಟಿತು. ನ್ಯಾಯ ಹೇಳುವ ಬಾಯಿ ಇನ್ನಷ್ಟು ತೆರೆದಷ್ಟೂ ನಗು ಜೋರಾಯಿತು. ಅವನು ಯಾಕೆಂದು ತಿಳಿಯದೆ ಮತ್ತೂ ಗುಡುಗುತ್ತಿದ್ದ.

"ಸಾಕು ಬಾಯಿ ಮುಚ್ಚಿ, ಕದ್ದಿದ್ದು ಕಾಣ್ತಾ ಐತೆ" ಎಂದಳು ಅಕ್ಕಯಮ್ಮ. ಆದಿನಾರಾಯಣಪ್ಪ ಟಪ್ಪನೆ ಬಾಯಿ ಮುಚ್ಚಿದ.

ಪಿಳ್ಳಪ್ಪ ಕಂಬಳಿಯಿಂದ ಹೊರಬಂದು ಏಣಿ ಇಳಿದ. ಬೀಗನ ಮುಂದೆ ಕೈ ಮುಗಿದ, ತನ್ನ ಕೆನ್ನೆಗೆ ತಾನೇ ಬಡಿದುಕೊಂಡ, ಮನೆಯ ಕಡೆ ತೋರಿಸಿ ಎರಡೂ ಕೈಯಲ್ಲಿ ತೊಟ್ಟಿಲು ತೂಗುವ ಹಾಗೆ ಮಾಡಿದ. ಕಣ್ಣಲ್ಲಿ ನೀರು ತುಂಬಿತ್ತು. ಮುನಿತಾಯಮ್ಮ ಅನುವಾದ ಮಾಡಲು ಬಾಯಿ ತೆರೆದಳು. ಆದರೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಅಕ್ಕಯಮ್ಮ ಇಬ್ಬರನ್ನೂ ನೋಡಿದಳು. ಮೊರ ಕೆಳಗಿಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನಾನು ಅವತ್ತೇ ಅಂದೆ" ಎಂದಳು. "ಮದುವೇಲಿ ಡಿಜೆ ಹಾಕ್ಸಿ ಕುಣಿದ್ರೇ ಹೊರ್ತು, ಬೀಗ್ರನ್ನ ಬೈಯೋ ಪದ ಒಂದೂ ಹಾಡ್ಲಿಲ್ಲ. ಬೈಸ್ಕೊಳ್ದೆ ಎದ್ದ ಬೀಗ, ಬೈಯದೆ ಕಳಿಸಿದ ಬೀಗ, ಇಬ್ರಿಗೂ ಅನ್ನ ಮೈಗೆ ಹತ್ತಲ್ಲ ಅಂತ ನಮ್ಮತ್ತೆ ಹೇಳೋರು. ಹೆಣ್ಣಿನ ಕಡೆಯೋರು ಆವತ್ತು ಉಳಿಸ್ಕೊಂಡಿದ್ದನ್ನ ಇವತ್ತು ಮೈಕಲ್ಲಿ ತೀರಿಸವ್ರೆ. ಶಾಸ್ತ್ರ ಇದು. ಕೋಪ ಮಾಡ್ಕೊಂಡ್ರೆ ನಿಮಗೇ ಹೆಸರು ಕೆಡ್ತದೆ."

ಶಾಸ್ತ್ರ ಎಂದ ಮೇಲೆ ಕೊಯ್ಲಿನ ಹೆಂಗಸರಿಗೆ ಇನ್ನೇನು ಬೇಕಿತ್ತು? ಹೇಗೂ ಹಾಡುವ ಬಾಯಿಗಳು. ಒಬ್ಬಳು ಎತ್ತಿಕೊಂಡಳು, ಮಿಕ್ಕವರು ಹಿಡಿದರು:

"ಬಂದಾರೆ ಬೀಗರು ಬಂದಾರೆ ನೋಡಿರೆ
ಬಾಯೆಲ್ಲ ನೇರಳೆ ಮಾಡ್ಕೊಂಡು
ಇಕ್ಕಿದ್ದು ಸಾಲದೆ ಕದ್ದುಂಡ ಬೀಗಗೆ
ಗಿಳಿಯೊಂದ ಜೋಡಿ ಹುಡುಕಿರೆ"

ಅಕ್ಕಯಮ್ಮ ಗಂಡಿನ ಕಡೆಯವಳು. ಬಿಟ್ಟಾಳೆಯೇ? ಕೈ ತಟ್ಟಿ ತಿರುಗಿ ಬಿಟ್ಟಳು:

"ಊರೆಲ್ಲ ಕೇಳಂಗೆ ಕೂಗುವ ಬೀಗನ
ಗಂಟ್ಲಿಗೆ ಗಂಟು ಬಿತ್ತಲ್ಲೆ
ಮೂಳೆಯ ಸಾರಿಟ್ಟು ಮುದ್ದೆಯ ಎಣಿಸೋನ
ಮನೆಗೆಂಗೆ ಬರಲೇ ತಾಯವ್ವ"

ಮುನಿತಾಯಮ್ಮ ಅಳುತ್ತಲೇ ನಕ್ಕಳು. ಗಂಡಸರಿಬ್ಬರೂ ನಡುವೆ ಪೆಚ್ಚಾಗಿ ನಿಂತಿದ್ದರು. ಹಾಡು ಒಂದು ಹದಕ್ಕೆ ಬಂದಾಗ ಆದಿನಾರಾಯಣಪ್ಪ ಪಿಳ್ಳಪ್ಪನ ಪಕ್ಕಕ್ಕೆ ಸರಿದು, ಯಾರಿಗೂ ಬಾಯಿ ಕಾಣದ ಹಾಗೆ ಶಲ್ಯ ಅಡ್ಡ ಹಿಡಿದು ಕೇಳಿದ:

"ಅಲ್ಲಾ ಬೀಗ್ರೇ, ಮೂಳೆ ಜಾಸ್ತಿ ಅಂತ ನಾನಂದಿದ್ದು ನಿಜವಾ?"

ಪಿಳ್ಳಪ್ಪ ಜೋರಾಗಿ ತಲೆಯಾಡಿಸಿದ.

ಆದಿನಾರಾಯಣಪ್ಪ ಇನ್ನಷ್ಟು ಹತ್ತಿರಕ್ಕೆ ಬಗ್ಗಿದ. "ಅವತ್ತು ದವಡೆ ಹಲ್ಲು ಪ್ರಾಣ ಹಿಂಡ್ತಾ ಇತ್ತು ಕಣ್ರೀ. ಮಗನ ಮದುವೆ, ಯಾರಿಗೆ ಹೇಳೋದು? ಎಲೆ ಮೇಲೆ ಬಾಡು ಘಮ್ ಅಂತೈತೆ, ಅಗಿಯಕ್ಕೆ ಆಗಲ್ಲ. ಹೊಟ್ಟೆ ಉರ್ಕೊಂಡು ಏನೋ ಅಂದಿರ್ತೀನಿ. ಅದಕ್ಕೇ ಮುದ್ದೆ ಹಾಕಿಸ್ಕೊಂಡೆ, ನುಂಗಬೋದಲ್ಲ. ಮಾರನೇ ದಿನ ಹೋಗಿ ಕೀಳಿಸ್ದೆ. ಬೇಕಾದ್ರೆ ನೋಡಿ" ಎಂದು ಶಲ್ಯದ ಮರೆಯಲ್ಲಿ ಬಾಯಿ ತೆರೆದು ಬೆರಳಿಟ್ಟು ತೋರಿಸಿದ.

ಪಿಳ್ಳಪ್ಪ ಬಗ್ಗಿ ನೋಡಿದ. ನೇರಳೆ ವಸಡಿನ ನಡುವೆ ಹಲ್ಲಿಲ್ಲದ ಜಾಗವೊಂದು ನಿಜವಾಗಿಯೂ ಇತ್ತು. ಎರಡು ವರ್ಷ ಸಾಕಿದ ಸಿಟ್ಟು ಆ ಸಂದಿಯೊಳಗೆ ಬಿದ್ದು ಕಾಣದಂತಾಯಿತು. ಮರಿಯ ಹಲ್ಲು ನೋಡಿ ತಂದವನು ಬೀಗನ ಹಲ್ಲು ನೋಡಲಿಲ್ಲವಲ್ಲ ಎಂದು ಪಿಳ್ಳಪ್ಪನಿಗೆ ನಾಚಿಕೆಯಾಯಿತು. ಮಾತಿಲ್ಲದ್ದರಿಂದ ಪಕ್ಕದ ಬಳ್ಳಿಯಿಂದ ಇರುವುದರಲ್ಲೇ ತುಂಬಿದ ಗೊಂಚಲೊಂದನ್ನು ಕಿತ್ತು, ಎರಡು ಕೈಯಲ್ಲಿ ಹಿಡಿದು ಬೀಗನಿಗೆ ಕೊಟ್ಟ. ಆದಿನಾರಾಯಣಪ್ಪ ಎಲ್ಲರೆದುರಿಗೂ ನಿಂತು ತಿಂದ.

ಊಟದ ಹೊತ್ತಿಗೆ ಅವನು ತೀರ್ಪು ಹೇಳಿದ. "ಹೂ ಮುಡಿಸಿ ಕರ್ಕೊಂಡು ಬನ್ನಿ. ಆದ್ರೆ ಒಂದು. ಆ ಮೈಕು ಕೂಸಿನ ಕಿವಿಗೆ ಬೀಳಬಾರ್ದು. ಅಜ್ಜನ ಮರ್ಯಾದೆ ಹುಟ್ಟುತ್ಲೇ ಹೋಗ್ಬಿಡ್ತದೆ."

ಕೊಯ್ಲು ಮುಗಿದು, ಕೊನೆಯ ಕ್ರೇಟುಗಳು ಲಾರಿ ಹತ್ತಿದ ವಾರ ಬೈರೇಶ್ ಸ್ಪೀಕರನ್ನು ಬಿಚ್ಚಿ ಇಳಿಸಿದ. ತಿನ್ನಲು ಹಣ್ಣಿಲ್ಲದ ಗಿಳಿಗಳೂ ಬೇರೆ ಕಡೆ ಹೋಗಿದ್ದವು. ಡಾಕ್ಟರು ಮತ್ತೆ ಟಾರ್ಚು ಬಿಟ್ಟು ನೋಡಿ, ಗಂಟು ಕರಗುತ್ತಿದೆ, ದಿನಕ್ಕೆ ಒಂದೆರಡು ಮಾತು ಮೆತ್ತಗೆ ಆಡಬಹುದು ಎಂದರು. ಪಿಳ್ಳಪ್ಪ ಆ ಒಂದೆರಡನ್ನೂ ಆಡಲಿಲ್ಲ. ಮುನಿತಾಯಮ್ಮ ಎಷ್ಟು ಕೇಳಿದರೂ ಕೈಯಲ್ಲೇ ಹೇಳಿದ. ಅವಳು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು.

ಮುನಿತಾಯಮ್ಮ ಹೋಗಿ ಅರ್ಪಿತಳನ್ನು ಕರೆತಂದ ದಿನ ಮಧ್ಯಾಹ್ನ ಪಿಳ್ಳಪ್ಪ ಗೇಟಿನ ಹತ್ತಿರ ಕಾದು ನಿಂತಿದ್ದ. ಕಾರು ಬಂದು ನಿಂತಿತು. ಹಸಿರು ಬಳೆ, ತಲೆ ತುಂಬ ಹೂವು, ಒಂದು ಕೈ ಸೊಂಟಕ್ಕೆ ಕೊಟ್ಟು ಅರ್ಪಿತ ಆ ಕಡೆಯ ಬಾಗಿಲಿನಿಂದ ಇಳಿದಳು. ಅನಿಲ್‌ಕುಮಾರ್ ಡಿಕ್ಕಿಯಿಂದ ಬ್ಯಾಗು ಎತ್ತುತ್ತಿದ್ದ. ಅವಳು ಅಪ್ಪನ ಕಡೆ ಬೆನ್ನು ಮಾಡಿ, ಕೊಯ್ದು ಖಾಲಿಯಾದ ಸಾಲುಗಳನ್ನು ನೋಡುತ್ತಾ ನಿಂತಳು.

ಪಿಳ್ಳಪ್ಪ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದ.

"ಅರ್ಪೀ" ಎಂದ.

ಬಂದದ್ದು ಮೊಟ್ಟೆ ಒಡೆದು ಬಂದ ಕೋಳಿಮರಿಯ ದನಿ. ಈ ಕಡೆಯ ಬಾಗಿಲಿನಿಂದ ಇಳಿದು ಪಕ್ಕದಲ್ಲೇ ನಿಂತಿದ್ದ ಮುನಿತಾಯಮ್ಮನಿಗೂ ಸರಿಯಾಗಿ ಕೇಳಿಸಲಿಲ್ಲ, ಏನಂದ್ರಿ ಎಂದು ಗಂಡನ ಮುಖ ನೋಡಿದಳು. ಕಾರಿನ ಆಚೆ ಅರ್ಪಿತ ತಿರುಗಿದಳು.

"ಬಂದೆ ಕಣಪ್ಪಾ" ಎಂದಳು.